ಸೆನ್ಸೇಗೆಂದು ತಂದ ಕರಬೂಜ

"ಹೊರಗೆ ತೆಗೀರಿ ಅದನ್ನ, ಮಯುಜುಮಿ-ಸಾನ್, ದಯವಿಟ್ಟು," ಎನ್ನುತ್ತ ಕಿರಿಯ ಸಂಶೋಧಕ ಹಿಗಾಕಿ ಗಾಜಿನ ಕಿಟಕಿಗೆ ಎರಡೂ ಅಂಗೈ ಒತ್ತಿ ನಿಂತ. ಒಳಗೆ ಎಂಆರ್‌ಐ ಯಂತ್ರ ಗಡಗಡ ಸದ್ದು ಮಾಡುತ್ತ ಅವನ ಕರಬೂಜವನ್ನು ರೋಗಿಯಂತೆ ಮಲಗಿಸಿಕೊಂಡಿತ್ತು.

"ಯಾಕೆ?" ಹಿರಿಯ ಸಂಶೋಧಕಿ ಮಯುಜುಮಿ ತಿರುಗಿಯೂ ನೋಡಲಿಲ್ಲ. "ಬೆಳಿಗ್ಗೆ ಮೊದಲು ಹಣ್ಣು, ಆಮೇಲೆ ಮನುಷ್ಯರು. ಗೊತ್ತಿಲ್ವಾ ನಿಂಗೆ?"

ಗೊತ್ತಿತ್ತು. ಯಂತ್ರ ಸರಿಯಿದೆಯೇ ಎಂದು ದಿನಾ ಒಂದು ಹಣ್ಣನ್ನು ಸ್ಕ್ಯಾನ್ ಮಾಡುವುದು ಆ ಪ್ರಯೋಗಾಲಯದ ಪದ್ಧತಿ. ಮೇಜಿನ ಮೇಲೆ ಹಣ್ಣು ಕಂಡರೆ ಅಲ್ಲಿನವರು ಚಾಕು ಹುಡುಕುವುದಿಲ್ಲ, ಸ್ವಿಚ್ಚು ಹುಡುಕುತ್ತಾರೆ.

"ಅದು ನಮ್ಮ ಗುರುಗಳಿಗೆ, ಸೆಗಾವಾ ಸೆನ್ಸೇಗೆ ತಂದಿದ್ದು."

"ಅಯ್ಯೋ. ನೀನು ಕಂಡುಹಿಡಿದ ಹೊಸ ಸ್ಕ್ಯಾನ್ ವಿಧಾನದಲ್ಲೇ ಚಿತ್ರ ತೆಗೀತಿದ್ದೀನಲ್ಲ. ಎರಡು ವರ್ಷದಿಂದ ಅದನ್ನ ಯಾರೂ ಮೂಸಿಲ್ಲ, ಪಾಪ ಅಂತ."

ಆರು ವರ್ಷಗಳಿಂದ ಹಿಗಾಕಿಯದು ವರ್ಷವರ್ಷಕ್ಕೂ ಕರಾರು ನವೀಕರಿಸಬೇಕಾದ ಕೆಲಸ. ಮಾರ್ಚ್ ಬಂತೆಂದರೆ ಅವನ ಪಾಡು ಬಾಡಿಗೆದಾರನ ಬೆಕ್ಕಿನ ಪಾಡು, ಯಾವಾಗ ಹೊರಗೋ ಗೊತ್ತಿಲ್ಲ. ಈಗ ಅಕಿತಾ ವಿಶ್ವವಿದ್ಯಾಲಯದಲ್ಲಿ ಕಾಯಂ ಹುದ್ದೆಯೊಂದು ಖಾಲಿಯಾಗಿತ್ತು. ಪ್ರೊಫೆಸರ್ ಸೆಗಾವಾ ಶಿಫಾರಸು ಪತ್ರ ಬರೆದೂ ಆಗಿತ್ತು. ಸಂಜೆ ಐದರೊಳಗೆ ಅದರ ಮೇಲೆ ಅವರ ಮೊಹರು ಬಿದ್ದು ಹೊರಟರೆ ಸಾಕು. ಆ ಉಪಕಾರ ನೆನೆದು, ಹದಿನೈದು ದಿನ ಮಧ್ಯಾಹ್ನದ ಊಟ ಬಿಟ್ಟು, ಮರದ ಪೆಟ್ಟಿಗೆಯಲ್ಲಿಟ್ಟು ಮಾರುವಂಥ ದುಬಾರಿ ಕರಬೂಜ ತಂದಿದ್ದ.

ಮಯುಜುಮಿ ಪರದೆಗೆ ಮೂಗು ತಾಗಿಸಿದಳು. "ಹಿಗಾಕಿ-ಕುನ್, ಎಡಗಡೆ ತಿರುಳು ಕೊಳೆತಿದೆ."

ತಂತ್ರಜ್ಞ ಓತ್ಸುಬೊ ಓಡಿ ಬಂದ. "ಮಾಮೂಲಿ ಸ್ಕ್ಯಾನ್‌ನಲ್ಲಿ ಏನೂ ಕಾಣಲ್ಲ. ಇವನ ವಿಧಾನದಲ್ಲಿ ಮಾತ್ರ ಕಾಣ್ತಿದೆ. ಹಾಗೇ ಕೊಟ್ಬಿಡೋ. ಸೆನ್ಸೇಗೆ ಏನು ತಿಳಿಯತ್ತೆ?"

"ಕುಯ್ಯೋದು ಅವರ ಹೆಂಡತಿ, ಆಕೆ ಬಿಡ್ತಾರಾ?" ಎಂದಳು ಮಯುಜುಮಿ.

ಹಿಗಾಕಿ ಹಣ್ಣನ್ನೂ ಅದರ ಚಿತ್ರದ ಒಂದು ಪ್ರತಿಯನ್ನೂ ಹಿಡಿದು, ಕೊಂಡ ಅಂಗಡಿಗೇ ಹೋಗಲು ರೈಲು ಹತ್ತಿದ.

ಹಣ್ಣಿನಂಗಡಿಯ ಅಜ್ಜಿ ಕೈಕಟ್ಟಿ ನಿಂತಳು. "ಕುಯ್ದೇ ಇಲ್ಲ, ಕೊಳೆತಿದೆ ಅಂತೀಯ. ಕನಸು ಬಿತ್ತಾ?"

ಹಿಗಾಕಿ ಚಿತ್ರ ತೋರಿಸಿದ.

"ಇದು ಯಾರದೋ ಮಿದುಳು."

"ಅಲ್ಲ ಅಜ್ಜಿ, ನಿಮ್ಮ ಹಣ್ಣು."

ಅಜ್ಜಿ ಸಿಟ್ಟಿನಿಂದಲೇ ಕುಯ್ದಳು. ಚಿತ್ರದಲ್ಲಿ ಎಲ್ಲಿತ್ತೋ ಅಲ್ಲೇ ಇತ್ತು ಕೊಳೆ. ಅವಳು ಹಣೆ ಪೆಟ್ಟಿಗೆಗೆ ತಾಗುವಷ್ಟು ಬಾಗಿದಳು. "ಐವತ್ತು ವರ್ಷ ತಟ್ಟಿ ತಟ್ಟಿ ಮಾರಿದ್ದೀನಪ್ಪ. ನೀನು ನನ್ನ ಮರ್ಯಾದೆ ಉಳಿಸಿದೆ."

ಇನ್ನೊಂದು ಹಣ್ಣು ಕೊಟ್ಟಳು. ಚಹಾ ಕೊಟ್ಟಳು. ಕುಡಿದರೆ ಮತ್ತೊಂದು ಲೋಟ, ಬೇಡವೆಂದರೆ ಅದರ ಜೊತೆಗೆ ಅಕ್ಕಿ ಬಿಸ್ಕತ್ತು. ಕೃತಜ್ಞತೆಯ ಬಿಗಿಯಿಂದ ಬಿಡಿಸಿಕೊಂಡು ಹಿಗಾಕಿ ಹಿಂದಿರುಗಿದಾಗ ಸಂಜೆ ಐದಕ್ಕೆ ಹತ್ತು ನಿಮಿಷ ಉಳಿದಿತ್ತು.

ಪ್ರೊಫೆಸರರ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಮೇಜಿನ ಮೇಲೆ ಆ ಕರಬೂಜದ ಚಿತ್ರ. ಸೆಗಾವಾ ಎದ್ದು ನಿಂತು, ಎಲ್ಲರೆದುರು ತಲೆಬಾಗಿದರು. ಸೆನ್ಸೇ ಕಿರಿಯರಿಗೆ ಬಾಗಿದ್ದನ್ನು ಎಂದೂ ಕಾಣದ ಓತ್ಸುಬೊ ಗೋಡೆ ಹಿಡಿದುಕೊಂಡ.

"ಎರಡು ವರ್ಷ ನಿನ್ನ ಕೆಲಸ ನನ್ನ ಕಣ್ಣಿಗೇ ಬೀಳಲಿಲ್ಲ. ಮಯುಜುಮಿ ತಂದು ತೋರಿಸಬೇಕಾಯ್ತು. ಹಣ್ಣಲ್ಲಿ ಕಂಡಿದ್ದು ನಾಳೆ ಲಿವರ್‌ನಲ್ಲೂ ಕಾಣತ್ತೆ. ನಂದು ತಪ್ಪು, ಹಿಗಾಕಿ."

ಹಿಗಾಕಿಯ ಕಣ್ಣು ತುಂಬಿತು. "ಎಲ್ಲ ನಿಮ್ಮಿಂದ ಕಲಿತದ್ದು, ಸೆನ್ಸೇ."

"ಇಂಥವನನ್ನ ಬಿಟ್ಟುಕೊಡೋಕೆ ನನಗೇನು ತಲೆ ಕೆಟ್ಟಿದೆಯಾ? ಪತ್ರ ಬರಲ್ಲ ಅಂತ ಅಕಿತಾಗೆ ಫೋನ್ ಮಾಡಿ ಹೇಳ್ಬಿಟ್ಟೆ. ಅವರು ಇನ್ನೊಬ್ಬನನ್ನ ತಗೊಂಡರು. ನೀನು ಇಲ್ಲೇ ಇರ್ತೀಯ."

"ಕಾಯಂ ಆಗಿ?"

"ಒಂದು ವರ್ಷಕ್ಕೆ. ಆಮೇಲೆ ನೋಡೋಣ."

ಕರಾರು ಪತ್ರ ಸಿದ್ಧವಿತ್ತು. ಮೊಹರಿನ ಕೆಂಪು ಇನ್ನೂ ಆರಿರಲಿಲ್ಲ. ಮಯುಜುಮಿ ಚಪ್ಪಾಳೆ ತಟ್ಟಿದಳು, ಎಲ್ಲರೂ ತಟ್ಟಿದರು. ಸೆಗಾವಾ ತಮ್ಮದೇ ಪೆನ್ನಿನ ಮುಚ್ಚಳ ತೆಗೆದು ಎರಡೂ ಕೈಯಿಂದ ಚಾಚಿದರು.

ಹಿಗಾಕಿ ಹಣ್ಣನ್ನು ಮೇಜಿನ ಮೇಲಿಟ್ಟು, ಬೆನ್ನು ನೋಯುವಷ್ಟು ಹೊತ್ತು ಬಾಗಿ, ನೆಟ್ಟಗಾದ.

"ನೀವು ಮಾಡಿದ್ದನ್ನ ಸಾಯೋವರೆಗೂ ಮರೆಯಲ್ಲ, ಸೆನ್ಸೇ," ಎಂದ. "ಸಹಿ ಮಾತ್ರ ಹಾಕಲ್ಲ."