ಗಿಂಡಿಯೊಳಗಿನ ಚಂದುವಿಗೆ ಮದುವೆ ಮಾಡಿಸಿದ ಬಗ್ಗೆ

ಮಾನ್ಯ ಓದುಗರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಲೇಖನ ಬರೆದ ಪೂರ್ವಾನುಭವ ನನಗೆ ಇರುವುದಿಲ್ಲ. ಆದರೆ ಕಿರಿಮಂಜೇಶ್ವರದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಮೂರು ವರ್ಷಗಳ ಹಿಂದೆಯೇ ನನಗೆ ಗುಮಾಸ್ತನಾಗಿ ಹದಿನಾರು ವರ್ಷ ತುಂಬಿದ್ದು, ಸದರಿ ಅವಧಿಯಲ್ಲಿ ನಾನು ಬರೆದ ಒಂದೇ ಒಂದು ಪತ್ರವೂ ತಿದ್ದುಪಡಿಗಾಗಿ ಹಿಂದಿರುಗಿ ಬಂದಿರಲಿಲ್ಲ. ಹೀಗಿರುವಲ್ಲಿ ಒಂದು ಪ್ರೇತವನ್ನು ಬರೆಯುವುದು ಎಷ್ಟರ ಕೆಲಸ ಎಂದು ಭಾವಿಸಿದೆನು.

ಭಾವಿಸಬಾರದಿತ್ತು.

ಆ ವರ್ಷ ನಮ್ಮ ಶಾಲೆಗೆ ಸುಧಾಕರ ಎಂಬ ಕಂಪ್ಯೂಟರ್ ಮೇಷ್ಟರು ಬಂದಿದ್ದರು. ಅವರೂ ಅವರ ಮೂವರು ಸ್ನೇಹಿತರೂ ಪ್ರತಿ ಭಾನುವಾರ ಕುಂದಾಪುರದ ಒಂದು ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ ಸೇರಿ ಒಂದು ಆಟ ಆಡುತ್ತಿದ್ದರು. ಚೆಂಡಿಲ್ಲ, ಇಸ್ಪೀಟಿಲ್ಲ. ಒಬ್ಬರು ಕಥೆ ಹೇಳುವುದು. ಉಳಿದವರು ತಾನು ಯೋಧ, ತಾನು ಕಳ್ಳ, ತಾನು ಮಂತ್ರವಾದಿ ಎಂದು ಭಾವಿಸಿಕೊಂಡು, ಇಪ್ಪತ್ತು ಮುಖದ ದಾಳ ಉರುಳಿಸಿ, ಕೂತಲ್ಲೇ ಗುಹೆ ಹೊಕ್ಕು ಹೊರಡುವುದು. ಎಲ್ಲರೂ ಮೂವತ್ತು ದಾಟಿದ ಗಂಡಸರು!

"ಸರ್, ಒಂದ್ ಉಪಕಾರ ಆಯ್ಕಲೆ," ಎಂದರು ಸುಧಾಕರ ಒಂದು ಮಧ್ಯಾಹ್ನ. "ಈ ಸಲ ಗುಹೆಯೊಳ್ಗೆ ಅವ್ರಿಗೊಂದ್ ಮಾಯದ್ ವಸ್ತು ಸಿಕ್ಕತ್ತ್. ಅದ್ರೊಳ್ಗೆ ಒಂದ್ ಪ್ರೇತ ಸಿಕ್ಕಿಬಿದ್ದ್ ಇರ್ಕ್. ಒಂದ್ಸಲ ಕೇಂಡ್ರೆ ಜನ್ಮದಲ್ಲಿ ಮರೂಕಾಗ, ಹಾಂಗಿರ್ದ್. ನೀವ್ ಬರ್ದ್ ಕೊಡಿ. ನಿಮ್ ಡ್ರಾಫ್ಟ್ ಅಂದ್ರೆ ಡ್ರಾಫ್ಟ್!"

ನಾನು ಒಂದು ಖಡ್ಗದೊಳಗೆ ಆರು ಕೈ, ಕೋರೆಹಲ್ಲು, ಕೆಂಡದ ಕಣ್ಣುಗಳುಳ್ಳ ಪ್ರೇತವೊಂದನ್ನು ಅಳವಡಿಸಿ, ಎರಡು ಪುಟಗಳಲ್ಲಿ ಸಲ್ಲಿಸಿದೆನು. ಸುಧಾಕರ ಓದಿದರು. ಕನ್ನಡಕ ತೆಗೆದರು.

"ಸರ್, ಇದ್ ಪ್ರೇತ ಅಲ್ಲ. ಸುತ್ತೋಲೆ."

"ಕೋರೆಹಲ್ಲು ಸಾಲದಾ?"

"ಹಲ್ಲ್ ಯಾರಿಗ್ ನೆನ್ಪಿರತ್ತ್? ಅದ್ ಒಳ್ಗೆ ಕೂಕಂಡ್ ಎಂತಕ್ ಕಾಯ್ತಾ ಇತ್ತ್, ಅದ್ ಬೇಕ್. ಅದಕ್ಕೊಂದ್ ಆಸೆ ಬೇಕ್, ಒಂದ್ ಸಂಕ್ಟ ಬೇಕ್. ಅದಿಲ್ದಿರೆ ಅದೊಂದ್ ಕತ್ತಿ, ಅಷ್ಟೇ."

ಹದಿನಾರು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಕಾಗದ ಹಿಂದಿರುಗಿ ಬಂತು.

ಇಲ್ಲಿ ಇನ್ನೊಂದು ಸಂಗತಿಯನ್ನು ತಮ್ಮ ಅವಗಾಹನೆಗೆ ತರಬೇಕಾಗಿದೆ. ನನಗೆ ಆಗ ಮೂವತ್ತೊಂಬತ್ತು ವರ್ಷ, ಅವಿವಾಹಿತ. ಹದಿನಾಲ್ಕು ಮನೆಗಳ ಚಾವಡಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು, "ಹೇಳಿ ಕಳ್ಸ್ತೊ" ಎಂಬ ಮಾತನ್ನು ಕೇಳಿ ಎದ್ದು ಬಂದಿದ್ದೆನು. ಹದಿನಾಲ್ಕರಲ್ಲಿ ಒಂದು ಮನೆಯವರೂ ಹೇಳಿ ಕಳಿಸಲಿಲ್ಲ. ಬೇಡ ಎಂದಾದರೂ ಹೇಳಬಹುದಿತ್ತು. ಅಷ್ಟರಲ್ಲಿ ಸೋದರಮಾವ ಹದಿನೈದನೆಯ ಸಂಬಂಧ ತಂದರು. ಹಾಲಾಡಿ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಜಲಜ.

"ನಿಮ್ಗ್ ಎಂತೆಲ್ಲ ಬತ್ತ್?" ಎಂದು ಆಕೆ ಎಲ್ಲರೆದುರೇ ಕೇಳಿದ್ದಳು.

"ಪತ್ರ ವ್ಯವಹಾರ," ಎಂದೆ.

ಆಕೆ ನಕ್ಕಳು. ನನ್ನಿಂದಾಗಿ ಒಬ್ಬ ಹೆಂಗಸು ನಕ್ಕದ್ದು, ಅದೂ ಕೆಟ್ಟ ರೀತಿಯಲ್ಲಲ್ಲದೆ, ಅದೇ ಮೊದಲು. ಹೊರಡುವಾಗ ಬಾಗಿಲಲ್ಲಿ ನಿಂತು, "ಅಡ್ಡಿಲ್ಲೆ," ಎಂದಳು. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇರುವುದಿಲ್ಲ. ಆಸಾಡಿ ತಿಂಗಳು ಕಳೆದ ಮೇಲೆ ನಿಶ್ಚಿತಾರ್ಥ ಎಂದಾಯಿತು.

ಈ ಉತ್ಸಾಹದಲ್ಲಿ ಎರಡನೆಯ ಪ್ರೇತವನ್ನು ಬರೆಯಲು ಕುಳಿತೆನು. ಅಟ್ಟದಲ್ಲಿ ಮೂತಿ ಮುರಿದ ಒಂದು ಹಿತ್ತಾಳೆಯ ಗಿಂಡಿ ಇತ್ತು; ಬಂದವರ ಕಾಲಿಗೆ ನೀರು ಕೊಡುತ್ತಿದ್ದ ಹಳೆಯ ಪಾತ್ರೆ. ಅದನ್ನು ತಂದು ಮೇಜಿನ ಮೇಲಿಟ್ಟು ನೋಡುತ್ತ ನೋಡುತ್ತ ಬರೆದೆ. ಹೆಸರು: ಚಂದು. ವಯಸ್ಸು: ಹತ್ತೊಂಬತ್ತು. ಹೆಣ್ಣು ನೋಡಲು ಬಂದವರ ಕಾಲಿಗೆ ಇದೇ ಗಿಂಡಿಯಿಂದ ನೀರು ಕೊಟ್ಟಳು. ಅವರು ಉಂಡು, "ಹೇಳಿ ಕಳ್ಸ್ತೊ" ಎಂದು ಹೋದರು. ಚಂದು ಗಿಂಡಿ ಹಿಡಿದು ಬಾಗಿಲಲ್ಲೇ ನಿಂತಳು. ಮಳೆಗಾಲ ಬಂತು, ಹೋಯಿತು. ಕೊನೆಗೆ ಬಾಗಿಲಲ್ಲಿ ಗಿಂಡಿ ಮಾತ್ರ ಉಳಿಯಿತು. ಈಗಲೂ ಗಿಂಡಿ ಎತ್ತಿದವರನ್ನು ಒಳಗಿನಿಂದ ಒಂದು ಧ್ವನಿ ಕೇಳುತ್ತದೆ: "ಎಂತ ಅಂದ್ರ್?" ಬೇಡವೆಂದರು ಎಂದು ಹೇಳಿದರೂ ಸಾಕು, ಆಕೆಗೆ ಬಿಡುಗಡೆ. ಆದರೆ ಆ ಉತ್ತರ ನಿಜವಾಗಿರಬೇಕು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಾನು ಗುಮಾಸ್ತ. ಖಾಲಿ ಕಾಲಂ ಬಿಡುವುದು ನನ್ನಿಂದ ಆಗುವುದಿಲ್ಲ. ಖಾಯಂ ವಿಳಾಸ ಎಂಬಲ್ಲಿ ಯಾವುದೂ ತೋಚದೆ ನಮ್ಮ ಮನೆಯ ಹೆಸರು ಬರೆದೆ. ತಾಯಿಯ ಕಡೆಯ ಕುಲ, ಅಂದರೆ ಬಳಿ, ಎಂಬಲ್ಲಿ ನಮ್ಮದೇ ಬಳಿ. ಕಾಲ ಎಂಬಲ್ಲಿ, ನಮ್ಮ ಮುತ್ತಜ್ಜನ ಕಾಲ. ಕೊನೆಗೆ ಕೈ ತಾನಾಗಿಯೇ ಚೀಲದಲ್ಲಿದ್ದ ಶಾಲೆಯ ರಬ್ಬರ್ ಮೊಹರಿನತ್ತ ಹೋಯಿತು. "ನಿಜ ಪ್ರತಿ. ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಲಾಗಿದೆ. ಸರಿಯಾಗಿದೆ." ಅಚ್ಚುಕಟ್ಟಾಗಿ ಒತ್ತಿ, ಕಾಗದ ಹಾರದಿರಲೆಂದು ಮಡಚಿ ಗಿಂಡಿಯೊಳಗೇ ಇಟ್ಟು ಶಾಲೆಗೆ ಹೋದೆನು.

ಸಂಜೆ ಬರುವಾಗ ಚಾವಡಿಯಲ್ಲಿ ಅಮ್ಮ ಅಳುತ್ತಿದ್ದರು. ಮಾವ ಕನ್ನಡಕ ಏರಿಸಿ ಕಾಗದ ಓದುತ್ತಿದ್ದರು. ಗಿಂಡಿಯ ಮುಂದೆ ದೀಪ ಉರಿಯುತ್ತಿತ್ತು!

"ರಘು, ಇದ್ರ ಮೂಲ ಪ್ರತಿ ಎಲ್ಲಿತ್ತ್?" ಎಂದರು ಮಾವ.

"ಮೂಲ ಇಲ್ಲ ಮಾವ. ನಾನೇ ಬರದ್ದ್. ಒಂದ್ ಆಟಕ್ಕೆ."

"ಯಾವ್ ಆಟಕ್ಕೆ?"

ಇಪ್ಪತ್ತು ಮುಖದ ದಾಳವನ್ನು ಎಪ್ಪತ್ತು ವರ್ಷದ ಸೋದರಮಾವನಿಗೆ ವಿವರಿಸುವ ಕ್ರಮ ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ನಾನು ಪ್ರಯತ್ನಿಸಿದೆನು. ಅವರು ಕೈಯೆತ್ತಿ ತಡೆದರು.

"ಸುಮ್ನಿರ್ ಮಾಣಿ. ಹದ್ನಾರ್ ವರ್ಷದಲ್ಲಿ ನೀ ಒಂದ್ ಸುಳ್ಳ್ ಕಾಗ್ದಕ್ಕೆ ಮೊಹರ್ ಒತ್ತಿದ್ಯಾ?"

"ಇಲ್ಲ."

"ಮತ್ತೆ?"

ನನ್ನ ಪ್ರಾಮಾಣಿಕತೆಯೇ ನನ್ನ ವಿರುದ್ಧ ಸಾಕ್ಷಿ ಹೇಳಿತು.

ಮರುದಿನ ಅಮ್ಮ ಮತ್ತು ಮಾವ ವಂಡ್ಸೆಯ ಜೋಯಿಸರಲ್ಲಿಗೆ ಹೋದರು. ದಾರಿಯುದ್ದಕ್ಕೂ ಬಾಯಿ ಕಟ್ಟಿಕೊಂಡಿದ್ದ ಅಮ್ಮ, ಜೋಯಿಸರ ಮೆಟ್ಟಿಲು ಹತ್ತುವ ಮೊದಲೇ ಎಲ್ಲವನ್ನೂ ಹೇಳಿ ಮುಗಿಸಿದರಂತೆ. ಆ ಬಳಿಕ ಕವಡೆ ಹಾಕಿ ನೋಡಿದಾಗ ಒಂದು ಹೆಣ್ಣೂ ಒಂದು ನೀರಿನ ಪಾತ್ರೆಯೂ ಸ್ಪಷ್ಟವಾಗಿ ಕಂಡುಬಂದವು. ಕಾಣದೆ ಇರುತ್ತವೆಯೇ? ಮದುವೆಯಾಗದೆ ಹೋದ ಆ ಹೆಣ್ಣಿಗೆ ಮದುವೆ ಆಗುವವರೆಗೆ ಈ ಮನೆಯಲ್ಲಿ ಇನ್ನೊಂದು ಮದುವೆ ಕೂಡಿ ಬರುವುದಿಲ್ಲ ಎಂದೂ ತಿಳಿದುಬಂತು.

ಅಮ್ಮ ಬಂದವರೇ ನನ್ನ ತಲೆ ಸವರಿದರು. "ಹದ್ನಾಕ್ ಸಂಬಂಧ ತಪ್ಪಿದ್ ಇದ್ಕೇ ಮಾಣಿ! ನಿನ್ನಲ್ಲಿ ಎಂತದೂ ಊನ ಇಲ್ಲೆ. ಈ ಹೆಣ್ಣ್ ತಡ್ದದ್ದ್."

ಮಾನ್ಯರೇ, ಈ ಹಂತದಲ್ಲಿ ನಾನು ಗಟ್ಟಿಯಾಗಿ ನಿಂತು ಸತ್ಯವನ್ನು ಮತ್ತೊಮ್ಮೆ ಹೇಳಬೇಕಿತ್ತು. ಆದರೆ ಹದಿನಾಲ್ಕು ಮನೆಗಳು ಹೇಳಿ ಕಳಿಸದಿದ್ದುದಕ್ಕೆ ನನ್ನ ಮುಖ, ನನ್ನ ತಲೆಕೂದಲು, ನನ್ನ ಮಾತು ಇವು ಯಾವುವೂ ಅಲ್ಲದ ಒಂದು ಕಾರಣ ಮೊದಲ ಸಲ ಸಿಕ್ಕಿತ್ತು. ಅದೂ ಲಿಖಿತವಾಗಿ, ಮೊಹರಿನೊಂದಿಗೆ. ಅದನ್ನು ಕೈಯಾರೆ ಹರಿದು ಹಾಕಲು ಮನಸ್ಸು ಬರಲಿಲ್ಲ. ಸತ್ಯ ನುಡಿಯುವುದನ್ನು ಒಂದು ದಿನದ ಮಟ್ಟಿಗೆ ಮುಂದೂಡಲಾಯಿತು.

ಒಂದು ದಿನ ಎಂಟು ದಿನವಾಯಿತು. ಅಷ್ಟರಲ್ಲಿ ವರ ಸಿಕ್ಕಿದ! ಬ್ರಹ್ಮಾವರ ಕಡೆಯ ಒಂದು ಮನೆಯಲ್ಲಿ ಹಿಂದೆಂದೋ ಮದುವೆಗೆ ಮುಂಚೆ ತೀರಿಕೊಂಡ ಒಬ್ಬ ಹುಡುಗನಿದ್ದ. ಮನುಷ್ಯರ ಮದುವೆ ನಡೆಯದ ಆಸಾಡಿಯಲ್ಲಿ ಇಂಥವರ ಮದುವೆ ನಡೆಯುವುದು ನಮ್ಮಲ್ಲಿ ಪದ್ಧತಿ. ಆ ಮನೆಯ ಐದು ಮಂದಿ ಹೆಣ್ಣು ನೋಡಲು ಬಂದರು. ಗಿಂಡಿಯನ್ನು ತಿರುಗಿಸಿ ನೋಡಿದರು.

"ಮೂತಿ ಮುರ್ದಿತ್ತಲೆ?" ಎಂದರು ವರನ ಕಡೆಯ ಹಿರಿಯರು.

"ಅದ್ ಹುಟ್ಟಿನಿಂದ ಇದ್ದದ್ದಲ್ಲ. ಅಟ್ಟದಿಂದ ಬಿದ್ದದ್ದ್," ಎಂದರು ಮಾವ, ಮದುಮಗಳ ಕಡೆಯವರಿಗೆ ತಕ್ಕ ವಿನಯದಿಂದ.

ಅವರವರೇ ಮುಖ ನೋಡಿಕೊಂಡರು. "ಅಡ್ಡಿಲ್ಲೆ. ನಮ್ಗ್ ಒಪ್ಗೆ."

ಕೂತ ಜಾಗದಲ್ಲೇ! ಹೇಳಿ ಕಳಿಸುವ ಮಾತೇ ಇಲ್ಲ. ಇಲ್ಲದ ಹುಡುಗಿಗೆ, ಮುರಿದ ಮೂತಿಗೆ, ಒಂದೇ ಭೇಟಿಯಲ್ಲಿ ವರ. ನಾನು ಚಹಾ ಹಂಚಿದೆನು.

ಸುದ್ದಿ ಹಾಲಾಡಿಗೆ ತಲುಪಿತು. ಶಾಲೆಯ ಊಟದ ಬಿಡುವಿನಲ್ಲಿ ಜಲಜಳ ಫೋನ್ ಬಂತು.

"ಹ್ವಾಯ್, ನಿಮ್ ಮನೀಲಿ ಒಂದ್ ಹೆಣ್ಣ್ ಇತ್ತಂಬ್ರಲೆ. ನಂಗೆ ಹೇಳ್ಲೇ ಇಲ್ಲ?"

ಆಕೆಗೆ ಎಲ್ಲವನ್ನೂ ಹೇಳಿದೆನು. ಆಟ, ಕಾಲಂ, ಮೊಹರು, ಎಲ್ಲ. ಆಚೆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಹಾಂಗಾರೆ ಮನೆಯವ್ರಿಗ್ ಎಂತಕ್ ಹೇಳ್ಲಿಲ್ಲ?"

"ಒಂದ್ಸಲ ಹೇಳಿದೆ. ನಂಬಲಿಲ್ಲ."

"ಎರಡ್ನೇ ಸಲ?"

ನಾನು ಊಟದ ಡಬ್ಬಿಯ ಮುಚ್ಚಳ ಮುಚ್ಚಿದೆ.

"ಕಾಣಿ, ಪ್ರೇತ ಇಪ್ಪು ಮನೆಗೆ ಬಪ್ಪುಕೆ ನಂಗೆಂತ ಹೆದ್ರಿಕೆ ಇಲ್ಲೆ. ಬಾಯಿ ಇಲ್ದಿರ್ ಗಂಡ್ಸ್ ಇಪ್ಪು ಮನೆಗೆ ಎಂತಕ್ ಬಪ್ಪುದ್? ಎಲ್ಲರೆದ್ರ್ ಹೇಳಿ. ಆ ಮದಿ ಆಪ್ಕಿಂತ ಮುಂಚೆ. ನಾನೂ ಬತ್ತೆ ಕೇಂಬುಕೆ."

ಆ ಮಾತು ನನ್ನನ್ನು ಚುಚ್ಚಿತು. ಅಷ್ಟೇ ಧೈರ್ಯವನ್ನೂ ಕೊಟ್ಟಿತು. ಮೂರು ದಿನ ಕುಳಿತು ಒಂದು ಸ್ಪಷ್ಟೀಕರಣ ಪತ್ರ ಸಿದ್ಧಪಡಿಸಿದೆನು. ನಾಲ್ಕು ಕಂಡಿಕೆಗಳು, ಅಂದರೆ ಪ್ಯಾರಾಗಳು. ಇಷ್ಟು ಒಳ್ಳೆಯ ಕರಡನ್ನು ನಾನು ಹಿಂದೆಂದೂ ಬರೆದಿರಲಿಲ್ಲ.

ಮದುವೆಯ ದಿನ ಚಾವಡಿ ತುಂಬಿತ್ತು. ಗಿಂಡಿಗೆ ಹಸಿರು ಸೀರೆ ಉಡಿಸಿ, ಕರಿಮಣಿ ಪಕ್ಕದಲ್ಲಿಟ್ಟಿದ್ದರು. ವರನ ಪರವಾಗಿ ಶಲ್ಯ ಸುತ್ತಿದ ತೆಂಗಿನಕಾಯಿ ಕುಳಿತಿತ್ತು. ಹೆಂಗಸರ ನಡುವೆ, ಕಂಬಕ್ಕೆ ಒರಗಿ, ಜಲಜ. ಮುಹೂರ್ತಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ನಾನು ಎದ್ದು ನಿಂತು ಕಾಗದ ಬಿಡಿಸಿದೆ.

"ಈ ಶುಭ ಸಂದರ್ಭದಲ್ಲಿ ಆಗಮಿಸಿರುವ ಸಮಸ್ತ ಬಂಧುಗಳಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ..."

"ಓಹೋ, ಸ್ವಾಗತ ಭಾಷಣ!" ಎಂದರು ಬ್ರಹ್ಮಾವರದ ಹಿರಿಯರು ಸಂತೋಷದಿಂದ. ಚಪ್ಪಾಳೆ ಬಿತ್ತು.

ಮೊದಲ ಕಂಡಿಕೆಯಲ್ಲಿ ವಂದನೆ ಇತ್ತು. ಎರಡನೆಯದರಲ್ಲಿ ಮನೆತನದ ಹಿನ್ನೆಲೆ. ಮೂರನೆಯದರಲ್ಲಿ ಸದರಿ ಗಿಂಡಿಯ ವಿವರಣೆ. ಅದನ್ನು ಓದುವಾಗ ಇಬ್ಬರು ಅಜ್ಜಿಯಂದಿರು ಕಣ್ಣೊರೆಸಿಕೊಂಡರು. ಜಲಜ ಕಂಬದಿಂದ ಮುಂದೆ ಬಾಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಈಗ ನಾಲ್ಕನೆಯದು. "ಆದಾಗ್ಯೂ ಮೇಲಿನ ಅಂಶಗಳಿಗೆ ಸಂಬಂಧಿಸಿದಂತೆ ಒಂದು ಮುಖ್ಯ..."

"ಮುಹೂರ್ತ ಬಂತ್! ಬಾ ಮಾಣಿ ಬಾ," ಎಂದು ಮಾವ ನನ್ನ ರಟ್ಟೆ ಹಿಡಿದೆಳೆದರು. "ಹೆಣ್ಣಿನ್ ಕಡೆಯವ ನೀನೇ ಅಲ್ದಾ? ಧಾರೆ ಎರಿ."

ಕೈಯಲ್ಲಿ ನೀರಿನ ಚೊಂಬು ಇಟ್ಟರು. "ಇದು ಸುಳ್ಳು" ಎಂಬ ಎರಡು ಪದಗಳು ಸಾಕಿದ್ದವು. ಆದರೆ ಅವುಗಳಿಗೆ ಬೇಕಾದ ಪೀಠಿಕೆ ಬಾಯಿಗೆ ಬರಲಿಲ್ಲ. ನೂರು ಕಣ್ಣುಗಳು ನೋಡುತ್ತಿದ್ದವು. ಅಮ್ಮ ನೋಡುತ್ತಿದ್ದರು.

ಎರೆದೆ.

ಊಟದ ಬಳಿಕ ಜಲಜ ಚಪ್ಪಲಿ ಮೆಟ್ಟುತ್ತಿದ್ದಳು. ನಾನು ಓಡಿಹೋಗಿ ಕಾಗದ ಚಾಚಿದೆ.

"ನಾಲ್ಕನೆಯ ಕಂಡಿಕೆಯಲ್ಲಿ ಎಲ್ಲ ಇದೆ. ದಯವಿಟ್ಟು ನೋಡಿ."

ಆಕೆ ಪೂರ್ತಿ ಓದಿದಳು. ಮಡಚಿ ಹಿಂದಿರುಗಿಸಿದಳು. ನಗಲೂ ಇಲ್ಲ, ಬೈಯಲೂ ಇಲ್ಲ.

"ಲಾಯ್ಕ್ ಬರ್ದಿದ್ರಿ," ಎಂದಳು. "ಮೊದ್ಲನೇದ್ರಲ್ಲೇ ಬರೀಕಿತ್ತ್."

"ಹಾಗಾದರೆ ನಮ್ಮ ವಿಷಯ?"

ಆಕೆ ಗೇಟಿನ ತನಕ ಹೋಗಿ ತಿರುಗಿದಳು. "ಹೇಳಿ ಕಳ್ಸ್ತೆ."

ಇದಾಗಿ ಮೂರು ಆಸಾಡಿಗಳು ಕಳೆದಿವೆ. ಹೇಳಿ ಕಳಿಸಿದ್ದು ಇಲ್ಲ. ಹಾಲಾಡಿಗೆ ಹೋಗುವ ಬಸ್ಸನ್ನು ಎರಡು ಸಲ ಹತ್ತಿ, ಎರಡು ಸಲವೂ ನಡುದಾರಿಯಲ್ಲಿ ಇಳಿದಿದ್ದೇನೆ.

ಚಂದುವನ್ನು ಮತ್ತೊಮ್ಮೆ ಬರೆದು ಸುಧಾಕರ ಮೇಷ್ಟರಿಗೂ ಸಲ್ಲಿಸಿದ್ದೆನು; ಅವರ ಆಟದಲ್ಲಿ ಆಕೆಯ ಗತಿ ಏನಾಯಿತೆಂದು ಒಮ್ಮೆ ಕೇಳಿದೆನು. ಅವರು ತಲೆ ಕೆರೆದುಕೊಂಡರು. "ಕ್ಷಮ್ಸಿ ಸರ್. ಆ ದಿನ ಕಳ್ಳನ ಪಾರ್ಟ್ ಮಾಡ್ವವ ಗಿಂಡಿ ತಕಂಡ್ ಹಗ್ಗಕ್ಕೆ ಬದ್ಲ್ ಮಾಡ್ಕಂಡ. ಒಳ್ಗಿನ್ ಸ್ವರ ಯಾರೂ ಕೇಂಬುಕೆ ಹೋಯ್ಲಿಲ್ಲ. ಅದ್ರ್ ಹೆಸ್ರ್ ಎಂತ ಹೇಳಿ ಇಟ್ಟದ್ದ್ ನೀವ್?"

ಹೀಗೆ, ಜನ್ಮದಲ್ಲಿ ಮರೆಯಲಾಗದ ಪ್ರೇತವನ್ನು ಆಟಗಾರರು ಅದೇ ಭಾನುವಾರ ಮರೆತರು. ಬ್ರಹ್ಮಾವರದವರು ಮಾತ್ರ ಮರೆತಿಲ್ಲ. ಗಿಂಡಿಯ ಮೂತಿಯನ್ನು ರಿಪೇರಿ ಮಾಡಿಸಿ, ಪ್ರತಿ ಆಸಾಡಿಯಲ್ಲಿ ಚಂದುವಿಗೂ ಆಕೆಯ ಗಂಡನಿಗೂ ಜೋಡಿ ಎಲೆ ಹಾಕಿ ಬಡಿಸುತ್ತಾರೆ. ತವರಿನವನೆಂದು ನನ್ನನ್ನೂ ಕರೆಯುತ್ತಾರೆ. ಹೋಗುತ್ತೇನೆ. ಮೂರನೆಯ ಎಲೆ ನನ್ನದು.

"ನಿಮ್ಗ್ ಇನ್ನೂ ಎಲ್ಲೂ ಆಯ್ಲಿಲ್ಯಾ?" ಎಂದು ಆ ಹಿರಿಯರು ಈ ಸಲವೂ ಕೇಳಿದರು. "ಈಗ ತಡೂಕೆ ಯಾರೂ ಇಲ್ಯಲೆ!"

ಅವರ ಮಾತು ಕ್ರಮಬದ್ಧವಾಗಿದೆ. ಹದಿನಾಲ್ಕು ಮನೆಗಳ ಹೊಣೆಯನ್ನು ಆ ಬಡ ಹುಡುಗಿಯ ಮೇಲೆ ಹೊರಿಸಿ, ಮದುವೆ ಮಾಡಿ ಕಳಿಸಿಕೊಟ್ಟಾಯಿತು. ಹದಿನೈದನೆಯದಕ್ಕೆ ಹೊರಿಸಲು ಮನೆಯಲ್ಲಿ ಯಾವ ಪ್ರೇತವೂ ಬಾಕಿ ಇರುವುದಿಲ್ಲ. ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಲಾಗಿದೆ. ಸರಿಯಾಗಿದೆ.

ತಮ್ಮ ವಿಶ್ವಾಸಿ,
ರಘುರಾಮ
(ಖಾಯಂ ವಿಳಾಸ: ಅದೇ)