ಈ ರಜೆ ಯಾರ ಪಾಲು

ಕಾವಲಣ್ಣನಿಗೆ ಅಂದು ಗ್ರಹಚಾರ ವಕ್ಕರಿಸಿದ್ದು ಒಂದು ಖಾಲಿ ಗೆರೆಯಿಂದ. ವಿಮಾನ ನಿಲ್ದಾಣದಲ್ಲಿ ಒಂಟಿಯಾಗಿ ಬಂದಿಳಿಯುವ ಹದಿನಾರರೊಳಗಿನ ಮಕ್ಕಳನ್ನು ಮನೆಯವರಿಗೆ ಒಪ್ಪಿಸಿ, ಹಾಳೆಯ ಕೊನೆಯ ಗೆರೆಯ ಮೇಲೆ ಅವರ ಸಹಿ ಪಡೆಯುವುದು ಅವನ ಕೆಲಸ. ಸಹಿಯಿಲ್ಲದ ಹಾಳೆ ಈಗಾಗಲೇ ಎರಡು ಸಲ ಕಚೇರಿಗೆ ಹೋಗಿತ್ತು. ಮೂರನೆಯದು ಬಂದರೆ ಬ್ಯಾಡ್ಜ್ ಬಿಚ್ಚಿಟ್ಟು ಮನೆಗೆ ನಡಿ ಎಂದು ಮೇಲ್ವಿಚಾರಕಿ ಹೇಳಿಬಿಟ್ಟಿದ್ದಳು. ಹನ್ನೆರಡು ವರ್ಷ ಕಂಡವರ ಮಕ್ಕಳನ್ನು ಕಾದವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಅಂದು ಬಂದವಳು ಹದಿನೈದರ ಹುಡುಗಿ. ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ.

"ಆ ಲಿಫ್ಟ್ ಬೇಡ ಅಂಕಲ್, ಮಧ್ಯದಲ್ಲಿ ನಿಲ್ಲುತ್ತೆ. ನಾನು ಬರ್ತಿರೋದು ಮೂವತ್ತೊಂದನೇ ಸಲ. ಹಾಸ್ಟೆಲಿಂದ ಒಂದು ರಜೆ ಅಪ್ಪನ ಮನೆಗೆ, ಒಂದು ರಜೆ ಅಮ್ಮನ ಮನೆಗೆ."

ಹೊರಬಾಗಿಲಲ್ಲಿ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಒಂದು ಗಂಟೆ ಕಾದು ಕಾವಲಣ್ಣ ಅಪ್ಪನಿಗೆ ಫೋನ್ ಮಾಡಿದ.

"ಈ ರಜೆ ಅವಳಮ್ಮಂದು ಕಣ್ರೀ. ಅವಳನ್ನೇ ಕೇಳಿ."

ಅಮ್ಮನಿಗೆ ಮಾಡಿದ. "ಹೋದ ರಜೆ ನಾನಿಟ್ಕೊಂಡಿದ್ದೆ. ಅವರಿಗೂ ಸ್ವಲ್ಪ ಗೊತ್ತಾಗ್ಲಿ."

ಮತ್ತೆ ಮಾಡಿದರೆ ಇಬ್ಬರೂ ಎತ್ತಲಿಲ್ಲ.

"ನಾನೇ ಟ್ಯಾಕ್ಸಿ ಹಿಡ್ಕೊಂಡು ಹೋಗ್ತೀನಿ ಬಿಡಿ ಅಂಕಲ್. ದಾರಿ ಗೊತ್ತು."

"ಯಾರ ಮನೆಗಮ್ಮ?"

ಹುಡುಗಿ ಎತ್ತಿದ್ದ ಸೂಟ್‌ಕೇಸನ್ನು ಮತ್ತೆ ಕೆಳಗಿಟ್ಟಳು.

ಅಷ್ಟರಲ್ಲಿ ಬಿಟ್ಟಿ ಸಲಹೆಗಾರರು ನೆರೆದರು. "ಸಹಿ ತಾನೆ, ನೀನೇ ಗೀಚಿಬಿಡು," ಎಂದ ಟ್ರಾಲಿ ತಳ್ಳುವವನು.

"ಜೈಲಿಗೆ ಹೋಗಲಿ ಅಂತಲಾ?" ಎಂದಳು ಕಾಫಿ ಅಂಗಡಿಯವಳು. "ಮಗು ಕಾಣಿಸ್ತಿಲ್ಲ ಅಂತ ಮೆಸೇಜ್ ಹಾಕು. ಹೆತ್ತ ಕರುಳು, ಓಡಿ ಬರುತ್ತೆ."

ಕಾವಲಣ್ಣ ಅಳುಕುತ್ತ ನಿಂತಿದ್ದಾಗ ಹುಡುಗಿ ಅವನ ಫೋನ್ ಕಸಿದು, ತಾನೇ ಟೈಪ್ ಮಾಡಿ ಇಬ್ಬರಿಗೂ ಕಳಿಸಿದಳು. "ಕಾಗುಣಿತ ಸರಿಯಿದೆಯಾ ನೋಡಿ ಅಂಕಲ್," ಎಂದಳು.

ಮುಕ್ಕಾಲು ಗಂಟೆಯಲ್ಲಿ ಇಬ್ಬರೂ ಹಾಜರು. ಅಪ್ಪನ ಕಾಲಲ್ಲಿ ಬೇರೆ ಬೇರೆ ಜೋಡಿನ ಚಪ್ಪಲಿ, ಅಮ್ಮನ ತಲೆಗೆ ಅರ್ಧ ಮಾತ್ರ ಹಚ್ಚಿದ ಬಣ್ಣ. ಬಾಗಿಲಲ್ಲೇ ಡಿಕ್ಕಿ ಹೊಡೆದರು. ಅಮ್ಮ ಅಪ್ಪನ ಭುಜಕ್ಕೆ ಹಣೆಯಿಟ್ಟು ಬಿಕ್ಕಿದಳು.

"ನಡಿಯಮ್ಮ, ಹೋಗೋಣ," ಎಂದ ಹುಡುಗಿಯ ಜೊತೆ ಕಾಫಿ ಅಂಗಡಿಯ ಹಿಂದೆ ಅಡಗಿದ್ದ ಕಾವಲಣ್ಣ.

"ಐದು ನಿಮಿಷ ಅಂಕಲ್. ನೋಡಿ, ಕೈ ಹಿಡ್ಕೊಂಡಿದಾರೆ."

ಅವನೂ ಇಣುಕಿ ನೋಡಿದ. ಐದು ನಿಮಿಷ ಕೊಟ್ಟ. ಕೊಡಬಾರದಿತ್ತು, ಅಷ್ಟರಲ್ಲಿ ಅವರು ಮೇಲ್ವಿಚಾರಕಿಯನ್ನು ಕರೆಸಿದ್ದರು.

ಹುಡುಗಿ ಎದುರು ಬಂದಳು. ಇಬ್ಬರೂ ಅವಳನ್ನು ತಬ್ಬಿಕೊಂಡರು, ಅತ್ತರು, ಆಮೇಲೆ ಒಟ್ಟಿಗೇ ಕಾವಲಣ್ಣನ ಕಡೆ ತಿರುಗಿದರು.

"ಇಂಥವನ ಕೈಗೆ," ಎಂದ ಅಪ್ಪ ಮೇಲ್ವಿಚಾರಕಿಗೆ.

"ಮಕ್ಕಳನ್ನ ಕೊಡ್ತೀರಲ್ಲ," ಎಂದು ಅಮ್ಮ ಮುಗಿಸಿದಳು.

"ಮೆಸೇಜ್ ಕಳಿಸಿದ್ದು ನಾನು," ಎಂದಳು ಹುಡುಗಿ.

"ಪಾಪ, ಹೆದರಿ ಹೀಗೆ ಹೇಳ್ತಿದೆ," ಎಂದಳು ಅಮ್ಮ. ದೂರಿನ ಅರ್ಜಿ ಬಂತು. ಬೇರೆಯಾದ ಮೇಲೆ ಒಂದು ಮಾತಿಗೂ ಒಪ್ಪದಿದ್ದ ಗಂಡಹೆಂಡಿರು ಒಂದೇ ಪೆನ್ನಿನಲ್ಲಿ, ಒಬ್ಬರ ಕೆಳಗೊಬ್ಬರು ಸಹಿ ಹಾಕಿದರು. ಮೇಲ್ವಿಚಾರಕಿ ಕಾವಲಣ್ಣನ ಬ್ಯಾಡ್ಜ್ ಕಿತ್ತುಕೊಂಡು ಹೋದಳು.

ಮಗಳು ಅಮ್ಮನ ಜೊತೆ ಹೋಗುತ್ತಾಳೆಂದುಕೊಂಡು ಅಪ್ಪ ಎಡಬಾಗಿಲಿಂದ ಹೊರಟ. ಅಪ್ಪನ ಜೊತೆ ಹೋಗುತ್ತಾಳೆಂದುಕೊಂಡು ಅಮ್ಮ ಬಲಬಾಗಿಲಿಂದ ಹೊರಟಳು. ಎರಡು ಕಾರುಗಳೂ ಗೇಟು ದಾಟಿದವು.

ಕಾವಲಣ್ಣ ಕೈಲಿದ್ದ ಹಾಳೆ ನೋಡಿದ. ಕೊನೆಯ ಗೆರೆ ಇನ್ನೂ ಖಾಲಿಯಿತ್ತು. ಹುಡುಗಿ ಸೂಟ್‌ಕೇಸಿನ ಮೇಲೆ ಕೂತು ಎರಡೂ ಬಾಗಿಲುಗಳನ್ನು ನೋಡಿದಳು.

"ಅಂಕಲ್, ಇನ್ನೊಂದ್ಸಲ ಕಳೆದುಹೋದ್ರೆ ಬರ್ತಾರಾ?"