ಸ್ಯಾಂಕ್ಷನ್ಸ್ ಎಂಬ ಬಹುವಚನ

ನನಗೆ ಇಂಗ್ಲಿಷ್ ಬರುತ್ತದೆ ಎಂಬುದು ಒಂದು ಕಾಲದಲ್ಲಿ ಶಿಡ್ಲಘಟ್ಟ ತಾಲ್ಲೂಕಿಗೇ ಗೊತ್ತಿದ್ದ ಸಂಗತಿ. ಗೊತ್ತುಮಾಡಿದವನು ನಾನೇ! ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅದರಲ್ಲೂ ‘ಸ್ಯಾಂಕ್ಷನ್’ ಎಂಬ ಪದದ ಮೇಲೆ ನನಗಿದ್ದ ಹಿಡಿತ ಲಂಡನ್ನಿನವರಿಗೂ ಇರಲಾರದೆಂದು ನನ್ನ ನಂಬಿಕೆ. ರಜಾ ಸ್ಯಾಂಕ್ಷನ್, ಭತ್ಯೆ ಸ್ಯಾಂಕ್ಷನ್, ಕಚೇರಿಗೆ ನೀರಿನ ಹೂಜಿ ಬೇಕಾದರೂ ಸ್ಯಾಂಕ್ಷನ್. ಅಂದರೆ ಮಂಜೂರಾತಿ. ಅದಕ್ಕೆ ಇನ್ನೊಂದು ಅರ್ಥವಿದ್ದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ನನ್ನ ಈ ವಿದ್ಯೆಗೆ ಮೊದಲು ಮರುಳಾದವರು ನಮ್ಮ ಮಾವನವರು. ದಿಬ್ಬೂರಹಳ್ಳಿ ಕಡೆಯ ಒಂದು ಸಣ್ಣ ಊರಿನಲ್ಲಿ ರೇಷ್ಮೆ ಬೆಳೆಯುತ್ತಿದ್ದರು. ಅವರ ಊರಿಗೆ ಹೈಸ್ಕೂಲು ಬರುವ ಮಾತಿತ್ತು. ಕಟ್ಟಡಕ್ಕೆ ಊರಿನವರು ಗುಂಡುತೋಪು ತೋರಿಸಿದ್ದರು. ಆದರೆ ತೋಪು ಸರ್ಕಾರದ್ದು, ಒಪ್ಪಿಗೆ ಬೇಕು. ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವಳು ನನ್ನ ಹೆಂಡತಿಯ ತಂಗಿ ಸರಸು. ಮಿಡ್ಲ್‌ಸ್ಕೂಲು ಮುಗಿಸಿದ್ದಳು. ಹೆಣ್ಣುಹುಡುಗಿಯನ್ನು ಮನೆ ಬಿಟ್ಟು ಕಳಿಸಲು ಮಾವನವರು ಸುತರಾಂ ಒಪ್ಪರು. ಊರಿನಲ್ಲೇ ಹೈಸ್ಕೂಲಾದರೆ ಅವಳ ಓದು, ಇಲ್ಲದಿದ್ದರೆ ಇಲ್ಲ. ಅವಳೋ ಆಗಲೇ ಪುಸ್ತಕಕ್ಕೆಂದು ಖಾಕಿ ಚೀಲ ಹೊಲಿದುಕೊಂಡಿದ್ದಳು.

ಕನ್ನಡದ ಸೀಮೆಗಳೆಲ್ಲ ಒಂದಾಗಿ ರಾಜ್ಯ ದೊಡ್ಡದಾದ ಹೊಸತು. ಜಾಗ ನೋಡಲು ಬಂದ ಸಾಹೇಬರು ಉತ್ತರ ಹಿಂದೂಸ್ಥಾನದವರು, ಕನ್ನಡ ಬಾರದು. ದುಭಾಷಿ ಯಾರು? ಇನ್ಯಾರು! ಇಸ್ತ್ರಿ ಕೋಟು ಹಾಕಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಹೋದೆ.

ಸಾಹೇಬರು ತೋಪನ್ನೆಲ್ಲ ಸುತ್ತಿ, ಬಿರಬಿರನೆ ಒಂದಿಷ್ಟು ಇಂಗ್ಲಿಷ್ ಸುರಿಸಿದರು. ಅದರಲ್ಲಿ ‘ಗೋ ಅಹೆಡ್’ ಸ್ಪಷ್ಟವಾಗಿ ಕೇಳಿಸಿತು. ‘ಅಪ್ರೂವಲ್’ ಕೇಳಿಸಿತು. ಕೊನೆಯಲ್ಲಿ ಬೆರಳೆತ್ತಿ ‘ಸ್ಯಾಂಕ್ಷನ್ಸ್’ ಎಂದರು. ನಡುವಿನ ಪುಡಿಮಾತುಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

“ಏನಂತಾರೆ ಅಳಿಯಂದಿರೆ?” ಎಂದರು ಮಾವನವರು.

ನಾನು ಗಂಟಲು ಸರಿಮಾಡಿಕೊಂಡೆ. “ಅಪ್ರೂವಲ್ ಕಾಯೋ ಅಗತ್ಯ ಇಲ್ಲವಂತೆ. ಕೆಲಸ ಮುಂದುವರಿಸಿ, ಸ್ಯಾಂಕ್ಷನ್ಸ್ ಬರ್ತವೆ ಅಂತಾರೆ. ಒಂದಲ್ಲ, ಬಹುವಚನ! ಹೈಸ್ಕೂಲಿನ ಜೊತೆಗೆ ಇನ್ನೂ ಏನೋ ಇದೆ!”

ಖುಷಿಯಾದರೆ ಮಾವನವರ ಬಾಯಲ್ಲಿ ಬರುವುದು ತೆಲುಗು. “ಚೂಸ್ತಿರಾ ಮಾ ಅಲ್ಲುಣ್ಣಿ!” ಎಂದು ಊರಿಗೆಲ್ಲ ಅಳಿಯನನ್ನು ತೋರಿಸಿದರು. ಸರಸು ಓಡಿಹೋಗಿ ಚೀಲ ತಂದು ಹೆಗಲಿಗೇ ಹಾಕಿಕೊಂಡಳು.

ಹೆಂಡತಿ ಮಾತ್ರ ಪಕ್ಕಕ್ಕೆ ಕರೆದಳು. “ಸರಿಯಾಗಿ ಕೇಳಿಸ್ಕೊಂಡ್ರಾ? ಸಾಹೇಬ್ರ ಮುಖ ಸಿಡಿಸಿಡಿ ಅಂತಿತ್ತು.”

“ಸಾಹೇಬರ ಮುಖ ಇರೋದೇ ಹಾಗೆ ಕಣೇ! ನಿನಗೇನು ಗೊತ್ತಾಗುತ್ತೆ?”

ವಾರ ಕಳೆಯುವುದರೊಳಗೆ ಊರೆಲ್ಲ ಸೇರಿ ಪಾಯ ತೋಡಿತು. ಗುದ್ದಲಿಪೂಜೆಗೆ ಕಾಯಿ ಒಡೆದವನು ನಾನು. ಗೋಡೆ ಮೊಣಕಾಲೆತ್ತರ ಬಂದಾಗ ಸಾಹೇಬರ ಜೀಪು ಮತ್ತೆ ಬಂತು. ಸ್ಯಾಂಕ್ಷನ್ಸ್ ಬಂದೇಬಿಟ್ಟವು ಎಂದು ನಾನೇ ಮುಂದೆ ನುಗ್ಗಿ ಹಾರ ಹಾಕಿದೆ. ಸಾಹೇಬರು ಹಾರ ಕಿತ್ತೆಸೆದು ಗೋಡೆ ತೋರಿಸಿ ಗುಡುಗಿದರು.

“ಈಗೇನಂತಾರೆ ಅಳಿಯಂದಿರೆ?”

ಈ ಸಲದ ಇಂಗ್ಲಿಷ್ ಒಂದಕ್ಷರವೂ ಬಿಡದೆ ಅರ್ಥವಾಯಿತು. “ಹೀಗೆ ಮಾಡಿ ಅಂತ ನಿಮಗೆ ಹೇಳಿದ್ದು ಯಾರು ಅಂತಿದಾರೆ,” ಎಂದೆ.

ಇಡೀ ಊರು ನನ್ನ ಕಡೆ ಕೈ ತೋರಿಸಿತು!

ಕಚೇರಿಗೆ ಬಂದವನೇ ನಿಘಂಟು ತೆಗೆದೆ. ಸ್ಯಾಂಕ್ಷನ್: ಮಂಜೂರಾತಿ. ಅದರ ಕೆಳಗೇ, ಅದೇ ಪದಕ್ಕೆ: ದಂಡನೆ. ‘ಒಪ್ಪಿಗೆಯಿಲ್ಲದೆ ಮುಂದುವರಿದರೆ ದಂಡನೆ ತಪ್ಪದು’ ಎಂದಿದ್ದರು ಆ ಪುಣ್ಯಾತ್ಮರು. ಒಂದೇ ಪದಕ್ಕೆ ಹೂಂ ಅಂತಲೂ ಉಹೂಂ ಅಂತಲೂ ಅರ್ಥ ಇಟ್ಟವರ ಬಾಯಿಗೆ ಮಣ್ಣು ಹಾಕ! ಆದರೆ ನಿಘಂಟು ನನ್ನ ಮೇಜಿನ ಮೇಲೇ ಇತ್ತು. ತೆಗೆದು ನೋಡಬೇಡ ಎಂದು ಯಾರೂ ತಡೆದಿರಲಿಲ್ಲ.

ಗೋಡೆ ಕೆಡವಿಸಿದರು. ಹೈಸ್ಕೂಲಿನ ಕಡತ ಎಲ್ಲೋ ಧೂಳು ಹಿಡಿಯಿತು. “ಸರಸೂನ ನಮ್ಮ ಮನೆಗೆ ಕಳಿಸಿ, ನಾನು ಓದಿಸ್ತೀನಿ,” ಎಂದು ಮಾವನವರನ್ನು ಬೇಡಿಕೊಂಡೆ. ಅವರು ಬೈಯಲಿಲ್ಲ. “ಬೇಡಿ ಅಳಿಯಂದಿರೆ, ನೀವು ಓದಿಸಿದ್ದು ಸಾಕು,” ಎಂದರು. ಮುಂದಿನ ಸಲ ಹೋದಾಗ ಸರಸು ಆ ಖಾಕಿ ಚೀಲದಲ್ಲಿ ರೇಷ್ಮೆ ಸೊಪ್ಪು ತುಂಬಿಕೊಂಡು ತೋಟದಿಂದ ಬರುತ್ತಿದ್ದಳು. “ಕಾಫಿ ಕುಡಿದ್ರಾ ಭಾವ?” ಎಂದಳು. ಊರಿಗೆ ಹೈಸ್ಕೂಲು ಬರುವ ಹೊತ್ತಿಗೆ ಅವಳು ಮದುವೆಯಾಗಿ ಚಿಂತಾಮಣಿಗೆ ಹೋಗಿದ್ದಳು.

ಮೊನ್ನೆ ಮಗಳ ಜೊತೆ ನಮ್ಮ ಮನೆಗೆ ಬಂದಿದ್ದಳು.

“ಭಾವ, ಆ ಪದಕ್ಕೆ ಎರಡರ್ಥ ಅಂತಲ್ಲ? ಅಕ್ಕ ಹೇಳಿದ್ಲು.”

“ಹೂಂ ಕಣಮ್ಮ. ಮಂಜೂರಾತಿ ಒಂದು, ದಂಡನೆ ಒಂದು.”

“ಮೊದಲ್ನೇದು ನಮ್ಮೂರಿಗೆ ಬಂತು, ಎರಡನೇದು ನನಗೆ ಬಂತು ಬಿಡಿ,” ಎಂದು ನಕ್ಕಳು.

ಅಷ್ಟರಲ್ಲಿ ಅವಳ ಮಗಳು ಇಂಗ್ಲಿಷ್ ಪುಸ್ತಕ ಹಿಡಿದು, “ದೊಡ್ಡಪ್ಪ, ಇದಕ್ಕೆ ಅರ್ಥ ಏನು?” ಎಂದು ಬಂತು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಸರಸು ಆ ಪುಸ್ತಕ ಕಿತ್ತುಕೊಂಡಳು.

“ಅಮ್ಮಣ್ಣಿ, ದೊಡ್ಡಪ್ಪನ್ನ ಬೇಕಾದ್ರೆ ಲೆಕ್ಕ ಕೇಳು. ಇಂಗ್ಲಿಷ್ ಬೇಡ!”

ತೆಪ್ಪಗೆ ಬಳಪ ತೆಗೆದುಕೊಂಡು ಲೆಕ್ಕ ಮಾಡಿಕೊಟ್ಟೆ. ಹಾಳಾದ್ದು, ಅದೂ ತಪ್ಪಾಗಿತ್ತು!